ಹೊಂದಿಕೊಂಡು ಹೋಗು ಎಂದವಳು

ಗದಗ, ಫೆಬ್ರುವರಿ ಮೂವತ್ತು, 2191

ನೂರೈವತ್ತು ಚಿಲ್ಲರೆ ವರ್ಷ ಹಿಂದಿರುವ ಹಿರಿಯರಿಗೆ ಮಂದಾರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಅದೊಂದು ತಿಂಗಳಿಗೇ ಯಾಕೆ ಕಡಿಮೆ ಎಂದು ಯಾರೋ ತಕರಾರು ತೆಗೆದರಂತೆ, ಫೆಬ್ರುವರಿಗೂ ಮೂವತ್ತು ದಿನ ಕೊಟ್ಟುಬಿಟ್ಟರು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಅಲ್ಲಲ್ಲಿ ಬಿಡಿಸಿ ಹೇಳುತ್ತೇನೆ, ಕ್ಷಮೆಯಿರಲಿ.

ನಮ್ಮಲ್ಲಿ ಪ್ರತಿ ಓಣಿಗೂ ಒಂದು ಆಲಿಕೆಮನೆ ಇದೆ. ಮನಸ್ಸಿನ ಬೇನೆಗೆ ಹೋಗುವ ಜಾಗ ಅದು. ನಮ್ಮ ಓಣಿಯದು ಹಿಟ್ಟಿನ ಗಿರಣಿಯ ಎದುರಿಗಿದೆ. ಜೋಳ ಬೀಸಲು ಕೊಟ್ಟು, ಹಿಟ್ಟಾಗುವಷ್ಟರಲ್ಲಿ ಒಳಗೆ ಹೋಗಿ ಮಾತಾಡಿ ಬರುವವರಿದ್ದಾರೆ. ಶಾಲೆಯಲ್ಲಿ ಮಕ್ಕಳ ಕಣ್ಣು, ಹಲ್ಲು ನೋಡುವ ದಿನವೇ ನಿದ್ದೆ ಬರುತ್ತದೆಯೇ, ಎದೆ ಸುಮ್ಮನೆ ಹೊಡೆದುಕೊಳ್ಳುತ್ತದೆಯೇ, ಯಾವುದೂ ಬೇಡ ಅನಿಸುತ್ತದೆಯೇ ಎಂದೂ ಕೇಳುತ್ತಾರೆ. ಹೌದು ಎಂದವರನ್ನು ಯಾರೂ ಹುಚ್ಚರೆನ್ನುವುದಿಲ್ಲ. ಒಳಗೆ ಕೂರುವ ಆಲಿಸುವವರಲ್ಲೂ ಬಗೆಬಗೆಯವರಿದ್ದಾರೆ. ಹಳೆಯದನ್ನೆಲ್ಲ ಹೇಳಿಸುವವರು, ಭಯವನ್ನು ಒಂದೊಂದೇ ಹೆಜ್ಜೆ ಎದುರಿಸಲು ಜೊತೆಗೆ ನಿಲ್ಲುವವರು, ಗುಳಿಗೆಯೂ ಬೇಕೇ ಎಂದು ನೋಡುವ ವೈದ್ಯರು. ನಾನು ಅಲ್ಲಿ ಹೊಂದಿಕೆಗಾರ್ತಿ. ಬಂದವರ ತೊಂದರೆ ಕೇಳಿ, ಯಾರ ಮುಂದೆ ಕೂತರೆ ಇವರಿಗೆ ಹೊಂದೀತು ಎಂದು ನೋಡಿ ಕಳಿಸುವವಳು. ಮೂರನೆಯ ಭೇಟಿ ಮುಗಿದ ಮೇಲೆ ‘ಹೊಂದಿತೇ?’ ಎಂದು ನಾನು ಕೇಳಲೇಬೇಕು. ಇಲ್ಲ ಎಂದರೆ ಕಾರಣ ಕೇಳದೆ ಬೇರೆಯವರ ಬಳಿ ಕಳಿಸಬೇಕು. ಚಪ್ಪಲಿ ಕಚ್ಚಿದರೆ ಕಾಲನ್ನು ಬೈಯುವುದಿಲ್ಲವಲ್ಲ, ಹಾಗೆ. ಇಪ್ಪತ್ತಾರು ವರ್ಷದಿಂದ ಎಲ್ಲರನ್ನೂ ಕೇಳಿದ್ದೇನೆ. ಕೇಳದೆ ಬಿಟ್ಟದ್ದು ಒಬ್ಬಳನ್ನು, ನನ್ನ ತಂಗಿ ಶಾಂಭವಿಯನ್ನು.

ಶಾಂಭವಿ ಗುಡ್ಡದ ಮೇಲಿನ ಗಾಳಿಕಂಬ, ಅಂದರೆ ನೀವು ವಿಂಡ್‌ಮಿಲ್ ಎನ್ನುವುದನ್ನು, ಹತ್ತಿ ರಿಪೇರಿ ಮಾಡುತ್ತಿದ್ದಳು. ಹತ್ತುವಾಗ ಹಾಡುವ ಹುಡುಗಿ. ಒಂದು ದಿನ ಅರ್ಧ ಏಣಿಯಲ್ಲಿ ಉಸಿರು ಕಟ್ಟಿ, ಕೈ ನಡುಗಿ, ಸತ್ತೇ ಹೋದೆ ಅನಿಸಿತಂತೆ. ಹೃದಯ ಪರೀಕ್ಷೆ ಮಾಡಿಸಿದೆವು, ಗಟ್ಟಿಯಾಗಿತ್ತು. ಅದು ದಿಗಿಲಿನ ಬೇನೆ. ಬಹಳ ಜನಕ್ಕೆ ಬರುವಂಥದ್ದು, ಕಡಿಮೆಯಾಗುವಂಥದ್ದು. ಅವಳನ್ನು ನನ್ನ ಗುರುಗಳ ಬಳಿಗೇ ಕಳಿಸಿದೆ. ದೊಡ್ಡ ಹೆಸರಿನವರು. ಚಿಕ್ಕಂದಿನಿಂದ ಹೇಳು ಎಂದು ಸುಮ್ಮನೆ ಕಾಯುವವರು. ಆ ಮೌನದಲ್ಲಿ ಹಗುರಾದ ಎಷ್ಟೋ ಜನರನ್ನು ನೋಡಿದ್ದೇನೆ, ಆದರೆ ಶಾಂಭವಿಗೆ ಅದೇ ದಿಗಿಲು ತಂದಿತು. ಮೂರನೆಯ ಭೇಟಿ ಮುಗಿಸಿ ಬಂದವಳು, ರೊಟ್ಟಿ ಬಡಿಯುತ್ತಿದ್ದ ನನ್ನ ಹಿಂದೆ ನಿಂತು, “ಅಕ್ಕಾ, ಅವ್ರು ನನಗ ಹೊಂದವಲ್ರು” ಎಂದಳು. ನಾನು ತಿರುಗಿ ಸಹ ನೋಡಲಿಲ್ಲ. “ದೊಡ್ಡೋರು ಅದಾರ. ನೀನ ಸ್ವಲ್ಪ ಹೊಂದ್ಕೊಂಡು ಹೋಗವಾ” ಎಂದೆ.

ಆಲಿಕೆಮನೆ ನಾವು ಕಟ್ಟಿದ್ದು. ಆ ಮಾತು ಮಾತ್ರ ನಿಮ್ಮ ಕಾಲದಿಂದ ಬಂದದ್ದು. ಗಂಡನ ಮನೆಗೆ ಹೊರಟವಳಿಗೆ, ಹಾಸ್ಟೆಲಿನಲ್ಲಿ ಅತ್ತವನಿಗೆ, ಕೆಲಸದಲ್ಲಿ ಬೈಸಿಕೊಂಡವರಿಗೆ ನೀವು ಹೇಳಿ ಹೇಳಿ ಅದು ಅಜ್ಜಿಯ ಬಾಯಿಂದ ಅವ್ವನ ಬಾಯಿಗೆ, ಅಲ್ಲಿಂದ ನನ್ನ ಬಾಯಿಗೆ ಇಳಿಯಿತು. ನಿಮ್ಮನ್ನು ದೂರುತ್ತಿಲ್ಲ. ಹೇಳಿದವಳು ನಾನೇ.

ಅವಳು ಮತ್ತೆ ಹೋಗಲಿಲ್ಲ. ಆಲಿಸುವವರು ಹೊಂದಲಿಲ್ಲ ಎಂದಲ್ಲ, ತನಗೆ ಯಾವ ಚಿಕಿತ್ಸೆಯೂ ಹತ್ತುವುದಿಲ್ಲ ಎಂದೇ ತಿಳಿದಳು. ಕೆಲಸ ಬಿಟ್ಟು ಹನ್ನೊಂದು ವರ್ಷ ಹಿಂದಿನ ಕೋಣೆಯಲ್ಲಿ ಚೀಲ ಹೊಲಿಯುತ್ತ ಕೂತಳು. ಮಾಳಿಗೆ ಕೂಡ ಹತ್ತಲಿಲ್ಲ. ಹಾಡು ನಿಂತುಹೋಯಿತು. ಚಹಾ ಬೇಕೇ ಎಂದರೆ ಬೇಕು ಎನ್ನುತ್ತಿದ್ದಳು, ಅಷ್ಟೇ ನಮ್ಮ ಮಾತು.

ಹೋದ ತಿಂಗಳು ತಾನಾಗಿಯೇ ಆಲಿಕೆಮನೆಗೆ ಬಂದಳು. ಸರದಿಯಲ್ಲಿ ನಿಂತು ನನ್ನ ಮೇಜಿನ ಎದುರು ಕೂತು ಅರ್ಜಿ ತುಂಬಿದಳು. ‘ನಿಮ್ಮ ಜೊತೆ ಯಾರಿದ್ದಾರೆ?’ ಎಂಬಲ್ಲಿ ‘ಯಾರೂ ಇಲ್ಲ’ ಎಂದು ಬರೆದು ನನ್ನ ಕಡೆಗೇ ಸರಿಸಿದಳು. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. ಈ ಸಲ ಹೆಜ್ಜೆ ಹೆಜ್ಜೆಯಾಗಿ ಕರೆದೊಯ್ಯುವ ಒಬ್ಬರ ಬಳಿ ಕಳಿಸಿದೆ. ಅವರು ಮೊದಲ ದಿನ ಅವಳನ್ನು ಏಣಿಯ ಬುಡದಲ್ಲಿ ನಿಲ್ಲಿಸಿ ತಾವೂ ನಿಂತರಂತೆ. ಈಗ ನಾಲ್ಕನೆಯ ಮೆಟ್ಟಿಲಿಗೆ ಬಂದಿದ್ದಾಳೆ. ನೋಡಲು ಬಾ ಎಂದು ನನ್ನನ್ನು ಕರೆದಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯವರು ಯಾರಾದರೂ ಹೀಗೆ ಹೋಗಿ ಬಂದು ‘ಹೊಂದಲಿಲ್ಲ’ ಎಂದರೆ, ಒಲೆ ಆರಿಸಿ, ಅವರ ಕಡೆ ತಿರುಗಿ, “ಹಂಗಾದ್ರ ಬ್ಯಾರೆಯವರನ್ನ ನೋಡೂಣು” ಎನ್ನಿ. ದಿನಾ ಎನ್ನುವಷ್ಟು ರೂಢಿ ಮಾಡಿಕೊಳ್ಳಿ. ಆ ಮಾತು ನಿಮ್ಮ ಬಾಯಿಂದ ಮಕ್ಕಳ ಬಾಯಿಗೆ, ಅವರ ಮಕ್ಕಳ ಬಾಯಿಗೆ ಇಳಿಯುತ್ತ ಬಂದು, ಆ ಸಂಜೆ ನಾನು ರೊಟ್ಟಿ ಬಡಿಯುವ ಹೊತ್ತಿಗೆ ನನ್ನ ಬಾಯಿಗೆ ಸಿಗಲಿ.

ಇಂತಿ,
ಶಾಂಭವಿಯ ಅಕ್ಕ