ಎಂಟು ಕಾಲಿನ ಐ.ಸಿ.

ಮಳವಳ್ಳಿ
೧೨-೧೧-೧೯೭೭

ಅಣ್ಣನಿಗೆ ತಂಗಿ ಇಂದ್ರ ಮಾಡುವ ನಮಸ್ಕಾರಗಳು.

ನೀನು ಕಲಿಸಿಕೊಟ್ಟಂತೆ ನನ್ನ ಕೋಣೆಯ ಬಾಗಿಲಿಗೆ ಮಾಡಿಕೊಂಡಿದ್ದ ಅಲಾರಂ ನಿಂತುಹೋಗಿದೆ. ನಿನ್ನ ರೇಡಿಯೋ ಅಂಗಡಿಯಲ್ಲಿ ಅದರ ಬೋರ್ಡಿಗೆ ಹಾಕುವ ೫೫೫ ಐ.ಸಿ. ಇದ್ದರೆ ಒಂದು ಬೇಕು. ಸಂಖ್ಯೆಗೆ ಮೊದಲು ಯಾವ ಇಂಗ್ಲಿಷ್ ಅಕ್ಷರವಿದ್ದರೂ ನಡೆಯುತ್ತದೆ. ಅದು ಸಿಗದಿದ್ದರೆ ೧೪೫೫ ತಾ, ಅದರ ಎಂಟು ಕಾಲುಗಳೂ ಇದೇ ಕ್ರಮದಲ್ಲಿವೆ. ೫೫೬ ಮಾತ್ರ ಬೇಡ, ಅದಕ್ಕೆ ಕಾಲು ಹೆಚ್ಚು, ನನ್ನ ಬೋರ್ಡಿನಲ್ಲಿ ಕೂರುವುದಿಲ್ಲ.

ಹಳೆಯದು ಸುಟ್ಟುಹೋಗಿದ್ದಲ್ಲ. ಯಾರೋ ಕಿತ್ತು, ಎಂಟೂ ಕಾಲು ಮುರಿದು, ನನ್ನ ದಿಂಬಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು. "ಇಲಿ ಕಣಮ್ಮ" ಎಂದು ಭಾವನವರು ನಕ್ಕರು. "ಈ ಮನೇಗೆ ಯಾವ ಕಳ್ಳ ಬತ್ತಾನೆ? ಆ ಗಂಟೆ ಸವಾಸ ಬುಡು" ಎಂದರು ಅತ್ತೆ. ಕಬ್ಬು ಅರೆಯುವ ಕಾಲ, ನಮ್ಮ ಯಜಮಾನರಿಗೆ ಮಂಡ್ಯದ ಸಕ್ಕರೆ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಇವರಿಗೆ ಹೇಳಲಾರೆ. ಭಾವನವರು ಇವರ ಪಾಲಿಗೆ ಬರೀ ಅಣ್ಣನಲ್ಲ, ದೇವರು.

ಒಳಗಿನಿಂದ ಚಿಲಕ ಹಾಕಿಕೋ ಎನ್ನಬೇಡ. ನಿನ್ನೆಯಿಂದ ಅದರ ಸ್ಕ್ರೂಗಳೂ ಇಲ್ಲ.

ಅಂಚೆಯಲ್ಲಿ ಕಳಿಸಬೇಡ, ಉತ್ತರವನ್ನೂ ಬರೆಯಬೇಡ. ನನ್ನ ಹೆಸರಿಗೆ ಬಂದ ಟಪಾಲನ್ನೂ ಭಾವನವರೇ ಒಡೆಯುವುದು. ಮದ್ದೂರಿನಿಂದ ಮೊದಲ ಬಸ್ಸಿಗೆ ನೀನೇ ತೆಗೆದುಕೊಂಡು ಬಾ.

ಐ.ಸಿ. ಸಿಗದಿದ್ದರೂ ಬಾ.

ನಿನ್ನ ತಂಗಿ
ಇಂದ್ರ