ಎದೆಮಟ್ಟದ ನಮಸ್ಕಾರ

ನನ್ನ ಥಾವಿಯಜ್ಜಿಗೆ,

ನಿನಗೆ ಓದಲು ಬರುವುದಿಲ್ಲ, ನನಗೆ ಬರೆಯುವಷ್ಟು ಹೊತ್ತು ಒಂದು ಕಡೆ ಕೂರಲು ಆಗುತ್ತಿಲ್ಲ. ಅದಕ್ಕೇ ಪಕ್ಕದ ಮನೆ ಚೆಂದಾಳ ಮೊಬೈಲಿಗೆ ಮಾತನ್ನೇ ತುಂಡು ತುಂಡಾಗಿ ಕಳಿಸುತ್ತಿದ್ದೇನೆ. ನಾನು ಕೊರಿಯಾದಿಂದ ಮಾತಾಡುತ್ತಿಲ್ಲ ಅಜ್ಜಿ. ಇಲ್ಲೇ ಸಿಯೆಮ್ ರೀಪ್ ಪೇಟೆಯಲ್ಲಿ, ಹೊಳೆಯ ಆಚೆ ದಡದ ಹೋಟೆಲಿನಲ್ಲಿದ್ದೇನೆ. ಅದು ನಿನಗೆ ಗೊತ್ತು. ಇವತ್ತು ಬೆಳಗ್ಗೆ ನೀನು ನೋಡಿದ್ದು ನನ್ನನ್ನೇ.

ಬರುವ ಸುದ್ದಿ ಯಾಕೆ ತಿಳಿಸಲಿಲ್ಲ ಎಂದು ಮೊದಲು ಹೇಳಿಬಿಡುತ್ತೇನೆ. ಹೋದ ಚಳಿಗಾಲದಲ್ಲಿ ನಮ್ಮ ಅಣಬೆ ತೋಟದ ಯಜಮಾನ ನಾಮ್ ಅವರ ತಾಯಿ ನನ್ನ ಪಕ್ಕ ಕೂತು, "ಊರಲ್ಲಿ ಯಾರಿದ್ದಾರಪ್ಪ ನಿಂಗೆ?" ಎಂದು ಕೇಳಿದರು. ಅಲ್ಲಿ ನಮ್ಮನ್ನು ಯಾರೂ ಹಾಗೆ ಕೇಳುವುದಿಲ್ಲ. "ಏಯ್, ಬುಟ್ಟಿ ತಾ" ಎನ್ನುತ್ತಾರೆ, ಅಷ್ಟೇ. ಆ ಖುಷಿಗೋ ಏನೋ, "ಅಜ್ಜಿ ಇದ್ದಾರೆ. ಅರಮನೆಯಲ್ಲಿ ನರ್ತಕಿ ಆಗಿದ್ದವರು" ಎಂದುಬಿಟ್ಟೆ. ಮಾರನೆಯ ದಿನದಿಂದ ತೋಟದಲ್ಲಿ ನನಗೊಂದು ಹೆಸರು ಬಂತು. ತಾಯಿಯನ್ನು ನಮ್ಮ ಅಂಕೋರ್ ಗುಡಿಗಳಿಗೆ ಕಳಿಸುವಾಗ ಯಜಮಾನರು ನನ್ನನ್ನೇ ಕರೆದರು: "ರಾಜರ ಕಥೆ ಎಲ್ಲಾ ನಿಂಗೇ ಗೊತ್ತಲ್ಲ, ನೀನೇ ತೋರ್ಸು." ಅಜ್ಜಿ ಈಗ ರಾಜಧಾನಿಯಲ್ಲಿದ್ದಾರೆ, ಸಿಗುವುದಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿ ವಿಮಾನ ಹತ್ತಿದೆ.

ಬೆಳಗ್ಗೆ ನಾನು ಚೆನ್ನಾಗಿಯೇ ತೋರಿಸಿದೆ. ಹೆಬ್ಬಾಗಿಲಲ್ಲಿ ಹಾವನ್ನು ಎಳೆಯುವ ದೇವತೆಗಳನ್ನೂ ರಾಕ್ಷಸರನ್ನೂ ತೋರಿಸಿದೆ. ಬಾಯೊನ್ ಗುಡಿಯ ಕಲ್ಲಿನ ಮುಖಗಳ ಕೆಳಗೆ ನಿಂತು ಆ ಮುದುಕಮ್ಮ, "ಇವೆಲ್ಲಾ ಯಾರನ್ನ ನೋಡಿ ಹಿಂಗೆ ನಗ್ತಾವೆ?" ಎಂದರು. "ನಿಮ್ಮ ಟೋಪಿ ನೋಡಿ" ಎಂದೆ. ತುಂಬಾ ನಕ್ಕರು. ಬಿಸಿಲಿಗೆ ಹೆದರಿ ಗುಬ್ಬಚ್ಚಿ ಗೂಡಿನಂಥ ಹುಲ್ಲು ಟೋಪಿ ಹಾಕಿಕೊಂಡಿದ್ದರು.

ಆಮೇಲೆ ಆನೆಗಳ ಜಗತಿಗೆ ಬಂದೆವು. ಕಲ್ಲಾನೆಗಳ ಸಾಲಿನ ಮೇಲೆ ನಿಂತು, ರಾಜ ಇಲ್ಲಿ ಕೂತು ದಂಡು ನೋಡುತ್ತಿದ್ದ, ಜನ ಕೆಳಗಿನಿಂದ ಕೈ ಮುಗಿಯುತ್ತಿದ್ದರು ಎಂದೆ. ಹೇಗೆ ಮುಗಿಯುತ್ತಿದ್ದರು ಎಂದು ಕೇಳಿದರು. ನೀನು ನನಗೆ ಕಲಿಸಿದ್ದನ್ನೇ ಕಲಿಸಿದೆ ಅಜ್ಜಿ. ಸರೀಕರಿಗೆ ಎದೆಯ ಹತ್ತಿರ, ದೊಡ್ಡವರಿಗೆ ಬಾಯಿಯ ಹತ್ತಿರ, ಹೆತ್ತವರಿಗೆ, ಸಾಕಿದವರಿಗೆ, ಗುರುಗಳಿಗೆ ಮೂಗಿನವರೆಗೆ, ರಾಜನಿಗೂ ಭಿಕ್ಷುಗಳಿಗೂ ಹುಬ್ಬಿನವರೆಗೆ, ದೇವರಿಗೆ ಹಣೆಗೆ. ಅವರು ಮಗುವಿನ ಹಾಗೆ ಕೈ ಏರಿಸಿ ಇಳಿಸಿ ಕಲಿತರು.

ನೀನು ಇವತ್ತು ಅಲ್ಲಿ ಗುಡಿಸುತ್ತೀಯೆಂದು ನನಗೆ ಗೊತ್ತಿರಲಿಲ್ಲ. ನಾನು ಕೊರಿಯಾಕ್ಕೆ ಹೋಗುವಾಗ ನೀನು ಕೆರೆಯ ಕಡೆ ಗುಡಿಸುತ್ತಿದ್ದೆ. ಆ ಕಡೆ ಹೋಗುವುದನ್ನೇ ತಪ್ಪಿಸಿದ್ದೆ.

"ಫಿರುಣ್? ನೀನೇನೋ ಮಗನೇ?"

ನೀನು ಉದ್ದ ಪೊರಕೆ ಹಿಡಿದು, ತಲೆಗೆ ಚೌಕುಳಿ ವಸ್ತ್ರ ಸುತ್ತಿಕೊಂಡು ನಿಂತಿದ್ದೆ. ಮುಖದ ತುಂಬಾ ನಗು. ನಾನು ಕೈ ಮುಗಿದೆ. ಎದೆಯ ಹತ್ತಿರ. ತರಕಾರಿ ಮಾರುವ ಮುದುಕಿಯರಿಗೂ ಇದಕ್ಕಿಂತ ಮೇಲೆ ಮುಗಿಯುತ್ತೇವೆ. ನಿನ್ನ ನಗು ಅಲ್ಲೇ ನಿಂತಿತು.

ಅಷ್ಟರಲ್ಲಿ ಆ ಮುದುಕಮ್ಮ ಆಗಷ್ಟೇ ಕಲಿತ ಪಾಠದಲ್ಲಿ ಅಳತೆ ತಪ್ಪಿ ಎರಡೂ ಕೈಯನ್ನು ಹಣೆಗೇ ಒಯ್ದು ನಿನಗೆ ಬಾಗಿದರು. ನಿನ್ನ ಜೊತೆಯವರು ಪೊರಕೆ ಬಿಟ್ಟು ನಕ್ಕರು. "ಥಾವಿಯಜ್ಜಿ ದೇವರಾಗ್ಬಿಟ್ಳು ಕಣ್ರೇ! ಯಾರಾದ್ರೂ ಊದುಬತ್ತಿ ತನ್ನಿ!" ಎಂದು ಅವರ ಜೊತೆ ಗುಡಿಸುತ್ತಿದ್ದ ಚೆಂದಾ ಕೂಗಿದಳು. ನಾನೂ ನಕ್ಕೆ. ನಕ್ಕು ಆ ಮುದುಕಮ್ಮನ ಕೈಗಳನ್ನು ಹಿಡಿದು ಕೆಳಗೆ ಇಳಿಸಿದೆ. ಹುಬ್ಬು ದಾಟಿಸಿ, ಮೂಗು ದಾಟಿಸಿ, ಬಾಯಿ ದಾಟಿಸಿ, ಎದೆಗೆ ತಂದು ನಿಲ್ಲಿಸಿ ಅವರ ಭಾಷೆಯಲ್ಲಿ, "ಇವರು ಇಲ್ಲಿ ಗುಡಿಸೋರು, ಇಷ್ಟು ಸಾಕು" ಎಂದೆ.

ಭಾಷೆ ನಿನಗೆ ತಿಳಿಯಲಿಲ್ಲ. ನನ್ನ ಕೈ ಎಲ್ಲಿ ನಿಂತಿತು ಎಂಬುದನ್ನು ನೀನು ನೋಡುತ್ತಲೇ ಇದ್ದೆ.

ನೀನು ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕೈಗಳನ್ನು ಬಾಯಿಯವರೆಗೆ ಎತ್ತಿ, ದೊಡ್ಡ ಮನುಷ್ಯರಿಗೆ ಮುಗಿಯುವ ಹಾಗೆ ನನಗೆ ಮುಗಿದೆ. "ಮೆಟ್ಲು ಸವೆದಿದೆ ಸಾಹೇಬ್ರೇ, ಅಮ್ಮನ ಕೈ ಹಿಡ್ಕೊಂಡು ಇಳಿಸಿ" ಎಂದು ಹೇಳಿ ಎಲೆ ಗುಡಿಸುತ್ತಾ ಹೋದೆ. ಒಂದು ಸಾರಿಯೂ ತಿರುಗಿ ನೋಡಲಿಲ್ಲ. ನನ್ನ ಸುಳ್ಳನ್ನು ನನಗಿಂತ ಚೆನ್ನಾಗಿ ಕಾಪಾಡಿದೆ.

ಕತ್ತಲಾಗುವ ಮುಂಚೆ ಮನೆಗೆ ಬಂದಿದ್ದೆ ಅಜ್ಜಿ. ನೀರಿನ ಹಂಡೆಯ ಪಕ್ಕ, ಮನೆಯನ್ನು ಎತ್ತಿ ನಿಲ್ಲಿಸಿದ ಕಂಬಗಳ ನಡುವೆ ನಿಂತಿದ್ದೆ. ಮೇಲೆ ಚೆಂದಾ ಹೇಳುತ್ತಿದ್ದಳು, "ಅಜ್ಜಿ, ಅವ್ನು ನಿಮ್ ಫಿರುಣೇ. ಕಾಲು ಎಳ್ಕೊಂಡು ನಡೆಯೋದು ನಂಗೊತ್ತಿಲ್ವಾ? ಬೂಟು ಹಾಕ್ಬಿಟ್ರೆ ಬೇರೆ ಆಗ್ತಾನಾ?"

"ಸುಮ್ನಿರೇ. ನನ್ ಮೊಮ್ಮಗ ಆಗಿದ್ರೆ ನನ್ನ ಕಂಡು ಸುಮ್ನೆ ನಿಲ್ತಿದ್ನಾ? ಯಾರೋ ಪಾಪ ಓದಿದ ಹುಡುಗ. ನನ್ ಕಣ್ಣೇ ಮಂಜು."

"ಅನ್ನ ಹಾಕ್ಲಾ?"

"ನಂಗೆ ಬೇಡ. ನೀನುಣ್ಣು."

ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ. ನೀನು "ಬೇಡ" ಎಂದದ್ದು ನನಗೇ ಹೇಳಿದಂತಾಯಿತು. ಇಳಿದು ಓಡಿಬಂದೆ.

ಹೋಟೆಲಿಗೆ ಬಂದವನು ಆ ಮುದುಕಮ್ಮನಿಗೆ ಎಲ್ಲವನ್ನೂ ಹೇಳಿದೆ. ಅರಮನೆ ಇಲ್ಲ, ನಾಟ್ಯ ಇಲ್ಲ, ಆ ಪೊರಕೆ ಹಿಡಿದವರೇ ನನ್ನನ್ನು ಸಾಕಿದವರು ಎಂದೆ. ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ನನ್ ಕೈ ಯಾಕೆ ಇಳಿಸ್ದೆ ಹಾಗಾದ್ರೆ?" ಎಂದರು. ಬಾಗಿಲು ಹಾಕಿಕೊಂಡರು. ಮಗನಿಗೆ ಏನು ಹೇಳುತ್ತಾರೋ, ಕೆಲಸ ಇರುತ್ತದೋ ಹೋಗುತ್ತದೋ ಗೊತ್ತಿಲ್ಲ. ಈಗ ಅದಲ್ಲ ನನ್ನ ಸಂಕಟ.

ಚೆಂದಾ, ಇದನ್ನು ಅಜ್ಜಿಯ ಕಿವಿಗಿಟ್ಟು ಗುಟ್ಟಾಗಿ ಕೇಳಿಸಬೇಡ. ನಾಳೆ ಬೆಳಗ್ಗೆ ಪೊರಕೆ ಹಂಚುವಾಗ ಎಲ್ಲರೂ ಇರುತ್ತಾರಲ್ಲ, ಅಲ್ಲಿ ಗಟ್ಟಿಯಾಗಿ ಹಾಕು. ಅಜ್ಜಿಯ ಮರ್ಯಾದೆ ಹೋದದ್ದು ಅವರೆಲ್ಲರ ಎದುರಿಗೆ.

ಅಜ್ಜಿ, ಅವನು ಯಾರೋ ಬೇರೆಯವನು ಎಂದು ಇನ್ನು ಯಾರ ಹತ್ತಿರವೂ ಹೇಳಬೇಡ. ಸುಳ್ಳು ಹೇಳಲು ನಾನೊಬ್ಬ ಸಾಕು. ನಿನ್ನ ಮೊಮ್ಮಗನೇ ಬಂದಿದ್ದ, ಕಂಡೂ ಕಾಣದ ಹಾಗೆ ಹೋದ ಎಂದು ಹೇಳು. ಬೈಯಬೇಕಾದರೆ ಹೆಸರು ಹಿಡಿದು ಬೈ. ಇದನ್ನು ನೀನು ಕೇಳಿ ಮುಗಿಸುವಷ್ಟರಲ್ಲಿ ನಾನು ಆನೆಗಳ ಜಗತಿಯ ಆ ಸವೆದ ಮೆಟ್ಟಿಲ ಕೆಳಗೆ ನಿಂತಿರುತ್ತೇನೆ, ಒಬ್ಬನೇ. ನೀನು ಕರೆದರೆ ಹತ್ತುತ್ತೇನೆ. ಕರೆಯದಿದ್ದರೆ ನಿನ್ನ ಗುಡಿಸುವ ಕೆಲಸ ಮುಗಿಯುವವರೆಗೂ ಅಲ್ಲೇ ಇರುತ್ತೇನೆ.

ಆಯುಸ್ಸು, ಮೈಕಾಂತಿ, ಸುಖ, ಬಲ ಎಂದು ನೀನು ನನ್ನ ನೆತ್ತಿ ಮುಟ್ಟಿ ಹರಸುತ್ತಿದ್ದೆ. ಚಿಕ್ಕವನು ದೊಡ್ಡವರನ್ನು ಹರಸುವಂತಿಲ್ಲ. ಆ ನಾಲ್ಕೂ ನಿನಗೇ ಇರಲಿ ಎಂದು ಬೇಡಿಕೊಳ್ಳುತ್ತೇನೆ. ನನಗೆ ಸದ್ಯಕ್ಕೆ ನಿನ್ನ ಬೈಗುಳ ಸಿಕ್ಕರೆ ಸಾಕು.

ನೀನು ಸಾಕಿದ,
ಫಿರುಣ್