ರಾಗಿ ದಿಂಬಿನೊಳಗೆ ಗಸಗಸೆ

ಬಾಗಲೂರು,
ಬುಧವಾರ, 12-11-2025

ಪ್ರೀತಿಯ ತಮ್ಮ ನಾರಾಯಣಸ್ವಾಮಿಗೆ,

ಪ್ರೀತಿಯ ಎಂದು ಬರೆಯಲು ಮನಸ್ಸು ಒಪ್ಪಲಿಲ್ಲ, ರೂಢಿ ಬಿಡಲಿಲ್ಲ. ಮಂಡಿನೋವು ಹೇಗಿದೆ? ನಾಟ್ರಾಂಪಾಳ್ಯದ ಹೊಲದಲ್ಲಿ ಚಳಿ ಜಾಸ್ತಿ, ಕಿವಿಗೆ ಮಫ್ಲರ್ ಸುತ್ತಿಕೊ. ನನ್ನನ್ನು ದುಬೈನಿಂದ ವಾಪಸ್ ಕಳಿಸಿದರು ಎಂದು ಕೇಳಿದ್ದೇ ತಡ, ಫೋನ್ ಸ್ವಿಚ್ ಆಫ್ ಮಾಡಿ ಅಲ್ಲಿಗೆ ಓಡಿದೆಯಲ್ಲ, ಅದಕ್ಕೇ ಈ ಕಾಗದ. ಅಂಚೆಯವನನ್ನು ಸ್ವಿಚ್ ಆಫ್ ಮಾಡಲು ನಿನ್ನಿಂದಾಗದು.

ನನ್ನ ಮಗಳು ರಮ್ಯ ದುಬೈನಲ್ಲಿ ಆಪರೇಷನ್ ಆಗಿ ಹೆತ್ತು ಮಲಗಿದ್ದಾಳೆ, ಅಳಿಯನಿಗೆ ರಜೆ ಇಲ್ಲ, ಬಾಣಂತನಕ್ಕೆ ನಾನೇ ದಿಕ್ಕು ಎಂಬುದು ನಿನಗೆ ಗೊತ್ತಿತ್ತು. ಗಸಗಸೆ ಒಂದು ತರಬೇಡಿ ಅತ್ತೆ, ಇಲ್ಲಿ ಅದನ್ನು ಅಫೀಮಿನ ಜೊತೆ ಸೇರಿಸುತ್ತಾರೆ ಎಂದು ಅಳಿಯ ಪ್ರಮೋದ್ ಹೇಳಿದ್ದ. ಬಾಣಂತಿಗೆ ಗಸಗಸೆ ಪಾಯಸ ಇಲ್ಲದೆ ಹೇಗಪ್ಪ ಎಂದು ನಿನ್ನನ್ನು ಕೇಳಿದೆ. ಫ್ಯಾಕ್ಟರಿಯವರ ಜೊತೆ ಒಂದು ವಾರ ಮಲೇಷ್ಯಾ ಸುತ್ತಿ ಬಂದಮೇಲೆ ಊರಿಗೆಲ್ಲ ವಿದೇಶದ ಮೇಷ್ಟ್ರು ನೀನೇ ತಾನೆ. "ಅಡಿಗೆ ಸಾಮಾನು ಕಣಕ್ಕ, ಆ ಹುಡ್ಗನಿಗೇನ್ ಗೊತ್ತು? ಮಗೀನ ರಾಗಿ ದಿಂಬಿನೊಳಗಿಟ್ಟು ಹೊಲ್ದ್ಬುಡು, ಯಾರೂ ಮುಟ್ಟಲ್ಲ" ಅಂದೆ. ಅಂದು ಸುಮ್ಮನಿದ್ದೆಯಾ? ಸೂಜಿಗೆ ದಾರ ಪೋಣಿಸಿಕೊಟ್ಟವನೂ ನೀನೇ.

ಅಲ್ಲಿಯ ವಿಮಾನ ನಿಲ್ದಾಣದ ತಪಾಸಣೆ ಯಂತ್ರಕ್ಕೆ ದಿಂಬೂ ಒಂದೇ, ಪೆಟ್ಟಿಗೆಯೂ ಒಂದೇ. ಕತ್ತರಿ ತಂದು ಹೊಲಿಗೆ ಬಿಚ್ಚಿದರು. ರಾಗಿಯೆಲ್ಲ ಮೇಜಿನ ಮೇಲೆ ಚೆಲ್ಲಿತು, ನಡುವೆ ನಿನ್ನ ಪೊಟ್ಟಣ. ಮಗುವಿನ ತಲೆ ಗುಂಡಗಾಗಲೆಂದು ರಾಗಿ ತುಂಬುತ್ತೇವೆ ಎಂದರೆ ಯಾರಿಗೆ ಅರ್ಥವಾದೀತು? ಪಾಸ್‌ಪೋರ್ಟಿನಲ್ಲಿ ತಮಿಳುನಾಡು ಎಂದಿದ್ದದ್ದು ನೋಡಿ ತಮಿಳು ಬಲ್ಲ ಹುಡುಗಿಯೊಬ್ಬಳನ್ನು ಕರೆಸಿದರು. "ಏಮ್ಮಾ ಒಳಿಚ್ಚು ವಚ್ಚೀಂಗ?" ಅಂದಳು. ಯಾಕಮ್ಮ ಬಚ್ಚಿಟ್ಟಿರಿ ಎಂದರೆ ನಾನೇನು ಹೇಳಲಿ? ಚೀಲದಲ್ಲಿ ಸುಮ್ಮನೆ ಇಟ್ಟಿದ್ದರೆ ತಿಳಿಯದೆ ತಂದೆ ಅನ್ನಬಹುದಿತ್ತು. ಹೊಲಿದು ತಂದವಳನ್ನು ಯಾರು ನಂಬುತ್ತಾರೆ? ಎರಡು ದಿನ ಕೂರಿಸಿ, ಕಳ್ಳಿಯ ಹಾಗೆ ವಿಮಾನ ಹತ್ತಿಸಿದರು. ಇನ್ನು ಆ ದೇಶಕ್ಕೆ ನಾನು ಕಾಲಿಡುವಂತಿಲ್ಲವಂತೆ.

ಮೊಮ್ಮಗಳ ಮುಖ ನೋಡಲಿಲ್ಲ ಕಣೋ. ರಮ್ಯ ಫೋನಿನಲ್ಲಿ ಒಂದು ಮಾತೂ ಬೈಯಲಿಲ್ಲ, ಬರೀ ಅತ್ತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಟ್ಟೆಯ ಹೊಲಿಗೆ ಇನ್ನೂ ಹಸಿ, ತಾನೇ ಬಗ್ಗಿ ಮಗುವಿಗೆ ನೀರು ಹಾಕುತ್ತಿದ್ದಾಳೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರಿದ್ದಾರೆ, ನೀನು ಒಡಹುಟ್ಟಿದವಳನ್ನೇ ತಳ್ಳಿದೆ. ತಪ್ಪಾಯಿತು ಅಕ್ಕ ಎನ್ನಲು ನಿನಗೆ ಬಾಯಿಲ್ಲವೇ? ಊರಿಗೆಲ್ಲ ಬುದ್ಧಿ ಹೇಳಲು ಮಾತ್ರ ಇತ್ತಲ್ಲ.

ಹೊಟ್ಟೆತುಂಬ ಉಣ್ಣು, ಬಿಸಿನೀರು ಕುಡಿ. ದೇವರು ನಿನ್ನ ಮಂಡಿಗೆ ಬಲ ಕೊಡಲಿ, ನಾಲಿಗೆಗೆ ಬೇಡ.

ನಿನ್ನ ಅಕ್ಕ,
ರಾಧಾಮಣಿ

ಮರೆತಿದ್ದೆ: ನಿನ್ನ ಹೆಂಡತಿ ಪಿಳ್ಳಮ್ಮ ನಾಳೆ ರಮ್ಯಳ ಹತ್ತಿರ ಹೊರಡುತ್ತಿದ್ದಾಳೆ. ಪಾಸ್‌ಪೋರ್ಟ್ ಇದ್ದೇ ಇತ್ತು, ಪ್ರಮೋದ್ ವೀಸಾ ಕಳಿಸಿದ. ಬಾಣಂತನ ಮುಗಿಯುವವರೆಗೂ ಅಲ್ಲೇ. ನಿನಗೆ ತಿಳಿಸೋಣವೇ ಎಂದರೆ, "ಬ್ಯಾಡ ಅತ್ಗೆ, ಏನೇನ್ ತಗೊಂಡೋಗ್ಬೇಕು ಅಂತ ಹೇಳೋಕ್ ಬತ್ತಾರೆ" ಅಂದಳು. ಹೊಸೂರಿನ ನಿಮ್ಮ ಮನೆಯ ಬೀಗದ ಕೈ ನನ್ನ ಹತ್ತಿರ ಇದೆ. ಬೇಕಾದರೆ ನನ್ನ ಮುಂದೆ ಬಂದು ನಿಂತು ಕೇಳು.